ನಾಲ್ಕನೆಯ ತಾರೀಖಿನ ಬಾವಿ

ಟೇಪನ್ನು ಮೂರು ಸಲ ಇಳಿಸಿದೆ. ಮೂರು ಸಲವೂ ಅದು ಒಂದೇ ಮಾತು ಹೇಳಿತು: ನೀರು ಹನ್ನೊಂದು ಮೀಟರ್ ಕೆಳಗಿದೆ. ಹಿಂದಿನ ತಿಂಗಳು ಇದೇ ಬಾವಿಯಲ್ಲಿ ಏಳು ಮೀಟರಿಗೇ ನೀರು ಸಿಕ್ಕಿತ್ತು. ಒಂದು ತಿಂಗಳಲ್ಲಿ ನಾಲ್ಕು ಮೀಟರ್ ಇಳಿಯಿತೆಂದರೆ ನನ್ನ ಕಸುಬಿನಲ್ಲಿ ಯಾರೂ ನಂಬುವುದಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಟೇಪಿನ ಮೇಲೆ. ಆರು ವರ್ಷದಿಂದ ಹೆಗಲ ಮೇಲೆ ಹೊತ್ತು ತಿರುಗಿದವನಿಗೆ ಇದು ಮಾಡುವ ಕೆಲಸವೇ ಎಂದು ಬೈದು ಚೀಲಕ್ಕೆ ತುರುಕಿದೆ.

ಆ ಊರು ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಮೂರು ಕಿಲೋಮೀಟರ್ ನಡೆದರೆ ಸಿಗುತ್ತದೆ. ಹೆಸರು ಬೇಡ. ಏಕೆ ಬೇಡ ಎಂಬುದು ಮುಂದೆ ತಿಳಿಯುತ್ತದೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ನಲವತ್ತು ತೆರೆದ ಬಾವಿಗಳಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ. ಕೇಳಲು ಸುಲಭ. ಉಕ್ಕಿನ ಟೇಪಿನ ತುದಿಗೆ ಸೀಸದ ಗುಂಡು ಕಟ್ಟಿ, ಕೆಳಗಿನ ಒಂದೆರಡು ಮೀಟರಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಸಬೇಕು. ಕಟ್ಟೆಯ ಮೇಲೆ ನಾವೇ ಬಳಿದ ಕೆಂಪು ಗುರುತಿಗೆ ಒಂದು ಪೂರ್ತಿ ಅಂಕಿ ಸರಿಯಾಗಿ ಕೂರಬೇಕು. ಮೇಲೆಳೆದು, ಸೀಮೆಸುಣ್ಣ ಎಷ್ಟು ಉದ್ದ ಒದ್ದೆಯಾಗಿದೆಯೋ ಅಷ್ಟನ್ನು ಕಳೆಯಬೇಕು, ಕಟ್ಟೆಯ ಎತ್ತರವನ್ನೂ ಕಳೆಯಬೇಕು. ಉಳಿದದ್ದು ನೆಲದಿಂದ ನೀರಿಗಿರುವ ದೂರ.

ಅಳೆಯುವ ಮೊದಲು ಬಾವಿಯನ್ನು ಯಾರೂ ಕಲಕಿರಬಾರದು. ಹೆಂಗಸರು ಆಗತಾನೇ ಇಪ್ಪತ್ತು ಕೊಡ ಸೇದಿದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಅದಕ್ಕೆ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ವಾರ ಮೊದಲೇ ಆ ಊರಿನ ಶಾಲೆಯ ಮೇಷ್ಟರಿಗೆ ಒಂದು ಕಾರ್ಡು: ‘ನಾಲ್ಕನೆಯ ತಾರೀಖು ಬರುತ್ತೇನೆ. ಬೆಳಗಿನಿಂದ ಯಾರೂ ಬಾವಿ ಮುಟ್ಟದಂತೆ ತಿಳಿಸಿ.’ ನಾಲ್ಕು ಅಂದರೆ ನಾಲ್ಕೇ, ಹಬ್ಬವಿರಲಿ ಹರಿದಿನವಿರಲಿ. ನಮ್ಮದು ಹೊಳೆನರಸೀಪುರದಲ್ಲಿ ಪೌರೋಹಿತ್ಯದ ಮನೆ. ನಮ್ಮಪ್ಪ ಮುಹೂರ್ತ ತಪ್ಪಿಸಿದವರಲ್ಲ, ನಾನು ತಾರೀಖು ತಪ್ಪಿಸಿದವನಲ್ಲ. ಕಚೇರಿಯಲ್ಲಿ ನನ್ನನ್ನು ಪಂಚಾಂಗ ಎಂದು ಕರೆಯುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ತಿಂಗಳು ಮಾತ್ರ ನಾಲ್ಕಕ್ಕೆ ನನ್ನನ್ನು ಚುನಾವಣೆ ಕೆಲಸಕ್ಕೆ ಹಾಕಿದ್ದರು. ಕಾರ್ಡು ಹಾಕಲು ಸಮಯವಿರಲಿಲ್ಲ, ಒಂದನೆಯ ತಾರೀಖೇ ಹೋಗಿದ್ದೆ. ಟೇಪು ಹನ್ನೊಂದು ಹೇಳಿದ್ದು ಅವತ್ತು. ಹಾಸನದ ನಮ್ಮ ಕಚೇರಿಗೆ ಹೋದಾಗ ಟೇಪನ್ನು ಇನ್ನೊಂದರ ಪಕ್ಕದಲ್ಲಿ ಹಾಸಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮುಂದಿನ ತಿಂಗಳು ಯಥಾಪ್ರಕಾರ ಕಾರ್ಡು ಹಾಕಿ ನಾಲ್ಕಕ್ಕೆ ಹೋದೆ. ಮತ್ತೆ ಏಳು ಮೀಟರ್. ನಡುವೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಅದರ ಮುಂದಿನ ತಿಂಗಳು ಕಾರ್ಡಿನಲ್ಲಿ ನಾಲ್ಕು ಎಂದು ಬರೆದು, ಮೂರನೆಯ ತಾರೀಖು ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ ನಿಂತೆ.

ಪಕ್ಕದ ತೆಂಗಿನ ತೋಟದ ಹಳೆಯ ಬೋರಿನಿಂದ ಕರಿ ಪೈಪೊಂದು ದಾರಿ ದಾಟಿ ಬಂದು ಬಾವಿಯೊಳಕ್ಕೆ ನೀರು ಸುರಿಯುತ್ತಿತ್ತು. ತೋಟದ ಯಜಮಾನರಾದ ಗೌಡರು ಪಂಚೆ ಮೇಲೆತ್ತಿ ಕಟ್ಟಿ, ಕಟ್ಟೆಗೆ ಒರಗಿ, ಎಷ್ಟು ತುಂಬಿತು ಎಂದು ಬಗ್ಗಿ ನೋಡುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. ಬೇಗ ಬಂದ ನೆಂಟನನ್ನು ನೋಡುವ ಹಾಗೆ ಕೊಂಚ ಸಂಕೋಚಪಟ್ಟರು, ಅಷ್ಟೆ.

“ಓ, ಸಾ! ನಾಳೆ ಅಲ್ವಾ ನೀವ್ ಬರೋದು?”

“ಇದೇನು ಮಾಡ್ತಿದ್ದೀರಿ ಗೌಡ್ರೇ?”

“ಏನಿಲ್ಲ ಸಾ. ನೀವ್ ಬತ್ತೀರಲ್ಲ ಅಂತ ಒಸಿ ನೀರ್ ಬುಡ್ತಾ ಇವ್ನಿ.”

“ಯಾವಾಗಿನಿಂದ ಹೀಗೆ?”

“ಮೊದ್ಲಿಂದ್ಲೂ ಅಂಗೇಯ. ಬಾವಿ ಮುಟ್ಬೇಡಿ, ನೀರು ಸರ್ಯಾಗಿರ್ಬೇಕು ಅಂತ ನೀವೇ ಅಲ್ವಾ ಕಾರ್ಡ್ ಆಕೋದು? ನೆಂಟ್ರು ಬತ್ತಾರೆ ಅಂದ್ರೆ ಅಂಗಳ ಸಾರ್ಸಿ ರಂಗೋಲಿ ಬುಡಲ್ವಾ? ಇದೂ ಅಂಗೇ ಕಣ್ ಸಾ.”

ನಾನು ಕೂಗಾಡಿದೆ. ಸರ್ಕಾರಕ್ಕೆ ಮೋಸ ಅಂದೆ, ಇನ್ನೂ ಏನೇನೋ ಅಂದೆ. ಗೌಡರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. “ಆಸನದ್ ಆಪೀಸ್ನಾಗೆ ನಮ್ಮೂರ ಎಸ್ರು ಬರ್ದು, ಮುಂದ್ಗಡೆ ನೀರಿಲ್ಲ ಅಂತ ಬರುದ್ರೆ, ನಾಳೆ ನಮ್ಮ ಐಕ್ಳಿಗೆ ಯಾರ್ ಸಾ ಎಣ್ಣು ಕೊಡೋರು?”

ನೀರಿಲ್ಲದ ಊರಿಗೆ ಹೆಣ್ಣು ಕೊಡುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ವಿಷಯ. ಹೆಣ್ಣಿನ ಕಡೆಯವರು ಬಂದರೆ ಮನೆ ನೋಡುವ ಮೊದಲು ಬಾವಿ ಬಗ್ಗಿ ನೋಡುತ್ತಾರೆ. ತಪ್ಪು ಅವರದಲ್ಲ, ವಾರ ಮೊದಲೇ ಡಂಗುರ ಸಾರಿ ಬರುತ್ತಿದ್ದ ನನ್ನದು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಮೂರು ಕಿಲೋಮೀಟರ್ ನಡೆದು ಬಸ್ಸು ಹಿಡಿದೆ.

ಒಂದು ಬಾವಿಯ ಸುಳ್ಳಾಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಆ ಬಯಲಿನ ಏಳೆಂಟು ಊರಿಗೆ ಅಳತೆಯ ಬಾವಿ ಇದೊಂದೇ. ಅಲ್ಲಿನ ತೆಂಗಿನ ತೋಟಗಳಿಗೆ ಸಾಲಾಗಿ ಆಳದ ಬೋರು ಕೊರೆಯಲು ಒಪ್ಪಿಗೆ ಕೊಡಬಹುದೇ ಎಂಬ ಕಡತ ಆಗ ಹಾಸನದಲ್ಲಿ ಒಂದು ಸಮಿತಿಯ ಮುಂದಿತ್ತು. ಅದರೊಳಗಿದ್ದದ್ದು ನನ್ನ ಗ್ರಾಫು. ಆರು ವರ್ಷದ ಗೆರೆ ಮಂಚದ ಮೇಲೆ ಮಲಗಿದ ಹಾಗೆ ಅಲ್ಲಾಡದೆ ಮಲಗಿತ್ತು. ‘ಸುರಕ್ಷಿತ’ ಎಂದು ಅದರ ಕೆಳಗೆ ಬರೆದವನೂ ನಾನೇ. ಆ ನೆಲದಲ್ಲಿ ಮೇಲೆ ಪುಡಿಪುಡಿಯಾದ ಕಲ್ಲಿನ ಪದರ, ಕೆಳಗೆ ಸೀಳು ಬಿಟ್ಟ ಗಟ್ಟಿ ಬಂಡೆ. ಊರವರು ಕುಡಿಯುವ ನೀರು ಮೇಲಿನ ಪದರದ್ದು. ಕೆಳಗಿನ ಸೀಳುಗಳಿಂದ ಹತ್ತಾರು ಬೋರುಗಳು ಹಗಲೆಲ್ಲ ಎಳೆದರೆ ಮೇಲಿನದು ಕೆಳಗೆ ಇಳಿದುಹೋಗುತ್ತದೆ. ಆಗ ಮೊದಲು ಬಾವಿ ಒಣಗುತ್ತದೆ, ಅದರ ಹಿಂದೆಯೇ ಊರ ಮುಂದಿನ ಆಳವಿಲ್ಲದ ಕುಡಿಯುವ ನೀರಿನ ಬೋರು. ಅದೊಂದು ಹೋದರೆ ಆ ಊರಿಗೆ ಇನ್ನೊಂದಿಲ್ಲ.

ಹಾಸನದಲ್ಲಿ ಮೇಲಧಿಕಾರಿಗೆ ಎಲ್ಲ ಹೇಳಿದೆ. ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಿ, ಇನ್ನು ಮುಂದೆ ಕಾರ್ಡು ಹಾಕಬೇಡಿ. ಸರಿಯಾದ ರೀಡಿಂಗ್ ತೊಗೊಳ್ಳಿ. ಹಳೇದನ್ನ ಕೆದಕೋದು ಯಾಕೆ?”

“ಸಮಿತಿ ಕೂರೋದು ಬರೋ ತಿಂಗಳು ಸಾರ್. ಅಷ್ಟರಲ್ಲಿ ಒಂದು ರೀಡಿಂಗ್ ಸಿಗುತ್ತೆ. ಒಂದು ಚುಕ್ಕೆಯಿಂದ ಏನು ಗೊತ್ತಾಗುತ್ತೆ?”

“ಆರು ವರ್ಷದ್ದು ತಪ್ಪು ಅಂತ ನೀವೇ ಬರೆದುಕೊಟ್ಟರೆ ನಿಮಗೆ ಮೆಮೊ ಕೊಡಬೇಕಾದೋನು ನಾನೇ ಕಣ್ರೀ. ಅರಕಲಗೂಡಿಗೆ ವರ್ಗ ಕೇಳಿದ್ದೀರಲ್ಲ? ಆ ಕಡತಾನೂ ನನ್ನ ಮೇಜಿನ ಮೇಲೇ ಇದೆ.”

ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದರು. ನನ್ನ ಹೆಂಡತಿ ಅರಕಲಗೂಡಿನಲ್ಲಿ ಶಾಲೆಯ ಮೇಡಂ. ನಾನು ಚನ್ನರಾಯಪಟ್ಟಣದಲ್ಲಿ ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿದ್ದೆ. ಮದುವೆಯಾಗಿ ಆರು ವರ್ಷ ಕಳೆದರೂ ನಮ್ಮದು ಭಾನುವಾರದ ಸಂಸಾರ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹೋಗಿ ಅನ್ನ ಉಂಡು, ಸೋಮವಾರ ಮೊದಲ ಬಸ್ಸಿಗೆ ಹೊರಡುವುದು. ಉಳಿದ ದಿನ ಮಾತಾಡಲು ನನಗೆ ಬಾವಿಗಳೇ ಗತಿ. ಬಗ್ಗಿ ಕೂಗಿದರೆ ನನ್ನ ಮಾತನ್ನೇ ನನಗೆ ಹಿಂದಿರುಗಿಸುವ ಜನ ಅವು. ಆ ಭಾನುವಾರ ಹೆಂಡತಿಗೆ ಏನೂ ಹೇಳಲಿಲ್ಲ. ಅವಳು ಅರಕಲಗೂಡಿನಲ್ಲಿ ಎರಡು ಕೋಣೆಯ ಮನೆ ನೋಡಿಟ್ಟಿದ್ದಳು. ಹಿತ್ತಲಲ್ಲಿ ಕರಿಬೇವಿನ ಗಿಡವಿದೆ ಎಂದು ಎರಡು ಸಲ ಹೇಳಿದಳು. ನಾನು ಹ್ಞೂಂಗುಟ್ಟಿದೆ.

ನನ್ನ ತೊಡಕು ಮೆಮೊ ಒಂದೇ ಆಗಿರಲಿಲ್ಲ. ಹಳೆಯ ಅಳತೆ ಸುಳ್ಳು ಎಂದು ತೆಗೆದುಹಾಕಿದರೆ ಅಲ್ಲಿ ಉಳಿಯುವುದು ಬರೀ ಖಾಲಿ ಕಾಗದ. ನೀರು ಇಳಿದಿದೆ ಎನ್ನಲು ಪುರಾವೆ ಇಲ್ಲ ಎಂದು ಸಮಿತಿ ಬೋರುಗಳಿಗೆ ಒಪ್ಪಿಗೆ ಕೊಟ್ಟೇಬಿಡುತ್ತಿತ್ತು. ಕಳೆದುಹೋದ ಆರು ವರ್ಷದ ನಿಜವಾದ ಮಟ್ಟ ನನಗೆ ಬೇಕಿತ್ತು. ಕಳೆದ ವರ್ಷದ ಬಾವಿಗೆ ಈಗ ಟೇಪು ಇಳಿಸುವುದು ಹೇಗೆ?

ಕಾರ್ಡಿಲ್ಲದೆ ಮತ್ತೆ ಹೋದೆ. ಹತ್ತೂಮುಕ್ಕಾಲು ಮೀಟರ್. ಬರೆದುಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ಗೌಡರ ತಾಯಿ ಕೊಡ ತಂದರು. ಎಪ್ಪತ್ತು ದಾಟಿದ ಅಜ್ಜಿ. ಬೋರಿನ ನೀರು ಸಪ್ಪೆ ಎಂದು ಮನೆಯಲ್ಲಿ ಯಾರ ಮಾತೂ ಕೇಳದೆ ದಿನಕ್ಕೆ ಎರಡು ಕೊಡ ಈ ಬಾವಿಯಿಂದಲೇ ಸೇದುತ್ತಿದ್ದವರು.

“ಯಾಕ್ ಮಗ ಸುಮ್ಕೆ ಕುಂತಿದ್ದೀಯೆ? ನೀನು ದಿನಾ ಬಂದ್ರೆ ಏಸೊಂದ್ ಚೆಂದಾಗಿತ್ತು.”

“ಯಾಕಜ್ಜಿ?”

“ನೀ ಬರೋ ದಿವ್ಸ ನೀರು ಮ್ಯಾಕೆ ಇರ್ತದೆ. ನನ್ ರಟ್ಟೆಗೆ ಅವತ್ತೊಂದಿನ ರಜ.”

ಅವರು ಹಗ್ಗ ಬಿಡುತ್ತಿದ್ದರು. ರಾಟೆಯ ಮೇಲೆ ಮೊದಲು ಎಮ್ಮೆ ಕಟ್ಟುವ ಹಗ್ಗದ ತುಂಡು ಹೋಯಿತು, ಆಮೇಲೆ ಒಂದು ಗಂಟು, ಆಮೇಲೆ ನೀಲಿ ನೈಲಾನಿನ ತುಂಡು, ಮತ್ತೊಂದು ಗಂಟು. ನಾನು ಎದ್ದು ನಿಂತೆ.

“ಅಜ್ಜಿ, ಈ ಗಂಟುಗಳೆಲ್ಲ ಏನು?”

“ಏನು ಅಂದ್ರೆ? ನೀರು ಎಟುಕ್ದೆ ಓದಾಗ ಒಂದ್ ತುಂಡು ಸೇರ್ಸೋದು. ಒಸಾ ಅಗ್ಗ ತರಕ್ಕೆ ನಮ್ಮ ಮಗ ಎಲ್ಲಿ ಕಾಸು ಬಿಚ್ಚಾನು?”

“ಯಾವ ತುಂಡು ಯಾವಾಗ ಸೇರಿಸಿದ್ದು, ನೆನಪಿದೆಯಾ?”

ಅಜ್ಜಿ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. “ಸೇದೋಳು ನಾನು. ನೆನಪಿರ್ದೆ ಏನು?”

ಕೊಡ ಪಕ್ಕಕ್ಕಿಟ್ಟು ಇಬ್ಬರೂ ಹಗ್ಗವನ್ನು ಅವರ ಮನೆಯ ಜಗಲಿಯ ಮೇಲೆ ಹಾಸಿದೆವು. ಬುಡದ ತೆಂಗಿನ ನಾರಿನ ಹಗ್ಗ ನಾನು ಬಾವಿಗೆ ಕೆಂಪು ಗುರುತು ಬಳಿಯಲು ಬಂದ ವರ್ಷದ್ದು. ಅದಕ್ಕೆ ಸೇರಿಸಿದ ನೂಲಿನ ತುಂಡು ಹಿರಿಯ ಮೊಮ್ಮಗಳು ಮೈನೆರೆದ ಬೇಸಿಗೆಯದು. ನೈಲಾನು ಅವಳ ಮದುವೆಯ ಚಪ್ಪರ ಬಿಚ್ಚಿದಾಗ ಉಳಿದದ್ದು. ಎಮ್ಮೆಯ ಹಗ್ಗ, ಎಮ್ಮೆ ಮಾರಿದ ಮೇಲೆ ಸೇರಿದ್ದು, ಹೋದ ಯುಗಾದಿಗೆ. ಒಂದೊಂದಕ್ಕೂ ಟೇಪು ಹಿಡಿದೆ. ಸೇರಿಸಿದ ಮೂರು ತುಂಡೂ ಕೂಡಿ ನಾಲ್ಕು ಮೀಟರಿಗೆ ಒಂದು ಗೇಣು ಕಡಿಮೆ. ಬಗ್ಗಿ ಬರೆಯುತ್ತಿದ್ದವನ ಕಣ್ಣು ಮಂಜಾಯಿತು. ಆರು ವರ್ಷ ಆ ಕಟ್ಟೆಯ ಮೇಲೆ ನಿಂತು ಸೆಂಟಿಮೀಟರ್ ಲೆಕ್ಕದಲ್ಲಿ ಸುಳ್ಳು ಬರೆದುಕೊಂಡಿದ್ದೆ. ನಿಜವಾದ ಅಳತೆ ಹತ್ತು ಹೆಜ್ಜೆಯಾಚೆ ಗೂಟಕ್ಕೆ ನೇತುಬಿದ್ದಿತ್ತು. ಒಬ್ಬರನ್ನಾದರೂ ಒಂದು ಮಾತು ಕೇಳಿದ್ದಿಲ್ಲ.

ಒಂದು ಹಗ್ಗ ಸಾಲದು. ಇನ್ನೂ ಎರಡು ಮನೆಯಲ್ಲಿ ಹಳೆಯ ಹಗ್ಗ ಸಿಕ್ಕಿತು. ಹೆಂಗಸರು ಮೊದಲು ಬಾಯಿ ಬಿಡಲಿಲ್ಲ, ಅಜ್ಜಿ ಜೊತೆಗೆ ಬಂದ ಮೇಲೆ ಬಿಟ್ಟರು. ತುಂಡುಗಳ ಉದ್ದ ಬೇರೆ ಬೇರೆ, ಸೇರಿಸಿದ ಬೇಸಿಗೆಗಳು ಅವೇ. ಕೋಣೆಗೆ ಬಂದು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟೆ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಇನ್ನು ಬರೆದುಕೊಡುವುದು. ಮೂರು ದಿನ ಬರೆದು ಮೂರು ದಿನ ಹರಿದೆ. ‘ಗ್ರಾಮಸ್ಥರು ಬಾವಿಗೆ ನೀರು ತುಂಬಿಸುತ್ತಿದ್ದರು’ ಎಂದು ಬರೆದರೆ ನಾನು ಪಾರು. ಮೆಮೊ ಇಲ್ಲ, ವರ್ಗಕ್ಕೂ ಅಡ್ಡಿಯಿಲ್ಲ. ಆದರೆ ಆ ವಾಕ್ಯ ಕಡತಕ್ಕೆ ಹೋದರೆ ಪೇಪರಿಗೂ ಹೋಗುತ್ತದೆ, ಅಲ್ಲಿಂದ ಸಂತೆಗೂ ಹೋಗುತ್ತದೆ. ಆ ಊರು ಬಾವಿಗೆ ನೀರು ಹೊಯ್ದು ಮರ್ಯಾದೆ ಕಾಪಾಡಿಕೊಂಡ ಊರು ಎಂದು ಜಿಲ್ಲೆಯೆಲ್ಲ ನಗುತ್ತದೆ. ಮಾನಕ್ಕೆ ಹೆದರಿ ನೀರು ತುಂಬಿಸಿದವರ ಮಾನವನ್ನೇ ನಾನು ಹರಾಜಿಗಿಟ್ಟಂತಾಗುತ್ತದೆ. ನಾಲ್ಕನೆಯ ದಿನ ಒಂದೇ ಉಸಿರಿಗೆ ಬರೆದೆ: ‘ಸದರಿ ಬಾವಿಯ ಆರು ವರ್ಷದ ಅಳತೆಗಳು ನನ್ನ ವಿಧಾನದ ದೋಷದಿಂದ ತಪ್ಪಾಗಿವೆ. ರದ್ದುಪಡಿಸಬೇಕು. ಬದಲಿಗೆ ಸೇದುವ ಹಗ್ಗಗಳಿಂದ ಪಡೆದ ಅಳತೆ ಲಗತ್ತಿಸಿದೆ.’ ಸಹಿ ಹಾಕಿದೆ.

ಸಮಿತಿಯಲ್ಲಿ ಹಗ್ಗ ಎಂದ ಕೂಡಲೇ ನಗು ಎದ್ದಿತು. ಒಬ್ಬರು, “ಹಗ್ಗವನ್ನೂ ತಂದಿದ್ದೀರೇನ್ರೀ?” ಎಂದರು. ತಂದಿರಲಿಲ್ಲ, ಅಜ್ಜಿಗೆ ನೀರು ಸೇದಲು ಬೇಕಿತ್ತು. ಮೂರು ಹಗ್ಗದ ಗ್ರಾಫನ್ನೂ ಮುನ್ಸೂಚನೆಯಿಲ್ಲದೆ ತೆಗೆದ ಅಳತೆಗಳನ್ನೂ ಒಂದರ ಮೇಲೊಂದಿಟ್ಟು ತೋರಿಸಿದೆ. ಮೇಲಧಿಕಾರಿ ನನ್ನ ಮುಖ ನೋಡದೆ ಮೆಲ್ಲಗೆ, “ಹೊಂದುತ್ತೆ” ಎಂದರು. ಅವರು ಅಷ್ಟು ಹೇಳಿದ್ದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ಆ ಬಯಲಿನಲ್ಲಿ ಆಳದ ಬೋರು ಸದ್ಯಕ್ಕೆ ಬೇಡ ಎಂದಾಯಿತು. ನನಗೆ ಮೆಮೊ ಬಂತು. ಬಾವಿಯನ್ನು ‘ನಂಬಲರ್ಹವಲ್ಲ’ ಎಂದು ಅಳತೆಯ ಪಟ್ಟಿಯಿಂದ ತೆಗೆದರು. ನನ್ನನ್ನು ಅಳತೆಯಿಂದ ತೆಗೆದು ಹಾಸನದ ಕಚೇರಿಯಲ್ಲಿ ಮೇಜಿಗೆ ಕೂರಿಸಿದರು. ಅರಕಲಗೂಡಿಗೆ ಬೇರೆಯವರು ಹೋದರು. ಹೆಂಡತಿಗೆ ಆಗ ಎಲ್ಲ ಹೇಳಿದೆ. ಅವಳು, “ಮೊದಲೇ ಹೇಳಿದ್ದರೆ ಮನೆಗೆ ಮುಂಗಡ ಕೊಡ್ತಿರಲಿಲ್ಲ” ಎಂದಳು. ಬೈದಿದ್ದರೆ ಇನ್ನೂ ಹಗುರವಾಗುತ್ತಿತ್ತು.

ಬೋರು ತಪ್ಪಿಸಿದವನು ನಾನೇ ಎಂದು ಊರಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಕಡತದಲ್ಲಿ ಅವರ ಹೆಸರು ಬರದ ಹಾಗೆ ನೋಡಿಕೊಂಡದ್ದು ಗೊತ್ತಾಗಲಿಲ್ಲ, ನಾನು ಹೇಳಲೂ ಇಲ್ಲ. ಬರೀ ಬೇಡ ಎಂದರೆ ಸಾಲದು, ಯಾಕೆ ಬೇಡ ಎಂದು ಯಾರಾದರೂ ತಿಳಿಸಬೇಕಲ್ಲ? ಇಲ್ಲದಿದ್ದರೆ ಇವತ್ತಲ್ಲ ನಾಳೆ ಸ್ವಂತ ಖರ್ಚಿನಲ್ಲಿ ಕೊರೆಸುತ್ತಾರೆ. ತಿಂಗಳಿಗೆ ಎರಡು ಭಾನುವಾರ ಹೆಂಡತಿಗೆ, ಎರಡು ಆ ಊರಿಗೆ ಎಂದು ಹಂಚಿಕೊಂಡೆ. ಮೊದಲ ಭಾನುವಾರ ಶಾಲೆಯ ಜಗಲಿಗೆ ಬಂದದ್ದು ಮೇಷ್ಟರು, ಅಜ್ಜಿ ಮತ್ತು ಒಂದು ನಾಯಿ. ನಕಾಶೆ ಬಿಡಿಸಿ ಬಂಡೆಯ ಸೀಳಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ನಾಯಿ ಎದ್ದು ಹೋಯಿತು.

ಅದಾದ ಮೇಲೆ ನಕಾಶೆ ಬಿಟ್ಟೆ. ಒಂದು ಬಕೀಟಿಗೆ ಜಲ್ಲಿಕಲ್ಲು ತುಂಬಿ, ಕಲ್ಲಿನ ಮಟ್ಟಕ್ಕೆ ನೀರು ಹೊಯ್ದೆ. ಪರಂಗಿ ಎಲೆಯ ಟೊಳ್ಳು ದಂಟು ಎರಡು ತಂದು, ಗಿಡ್ಡದನ್ನು ಮೇಲೆ ನೆಟ್ಟೆ, ಉದ್ದದ್ದನ್ನು ತಳದವರೆಗೆ ಇಳಿಸಿದೆ. “ಗಿಡ್ಡದ್ದು ನೀವು ಕುಡಿಯೋ ಬೋರು, ಉದ್ದದ್ದು ತೋಟದ್ದು. ಇಬ್ಬರು ಬನ್ನಿ, ಒಟ್ಟಿಗೆ ಹೀರಿ” ಎಂದೆ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಎರಡು ಗುಟುಕಿಗೆ ಗಿಡ್ಡ ದಂಟು ಗೊರಗೊರ ಎಂದು ಗಾಳಿ ಎಳೆಯಿತು, ಉದ್ದದ್ದು ಇನ್ನೂ ನೀರು ಎಳೆಯುತ್ತಲೇ ಇತ್ತು. ನಗು ಅಲ್ಲಿಗೆ ನಿಂತಿತು.

ಗೌಡರು ಒಂದು ದಿನವೂ ಜಗಲಿ ಹತ್ತಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಒಮ್ಮೆ ಮಾತ್ರ ನಿಂತು, “ನಮ್ ತ್ವಾಟಕ್ಕೆ ಬೋರ್ ಬ್ಯಾಡ ಅನ್ನಕ್ಕೆ ನೀವ್ಯಾರು ಸಾ?” ಎಂದರು. “ನಿಮ್ಮ ಬಾವಿ ನೋಡಿದೋನು ಗೌಡ್ರೇ” ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕಣ್ಣು ತೋಟದ ಕಡೆಗೆ ಹೋಯಿತು. ಹಾಗೆ ಹೇಳಬಾರದಿತ್ತು. ನನ್ನ ಬಾಯಿಯೇ ಹಾಗೆ.

ಎರಡು ವರ್ಷ ಹೀಗೇ ಕಳೆಯಿತು. ಅಜ್ಜಿ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ಹದಿನೈದು ದಿನದ ಮೇಲೆ, ಆ ಊರಿಗೆ ಹೋದಾಗ. ಆಮೇಲೆ ಹೋಗುವುದನ್ನು ನಿಲ್ಲಿಸಿದೆ. ಅಲ್ಲಿ ನನ್ನನ್ನು ಬಾ ಎನ್ನುವವರು ಯಾರೂ ಉಳಿದಿರಲಿಲ್ಲ. ಯಾರೂ ಹೊಸ ಬೋರು ಕೊರೆಸಿಲ್ಲ ಎಂದು ಮೇಷ್ಟರು ಮಾತ್ರ ಒಮ್ಮೆ ಫೋನು ಮಾಡಿದ್ದರು. ಯಾಕೆ ಕೊರೆಸಿಲ್ಲ ಎಂದು ಅವರಿಗೂ ಗೊತ್ತಿರಲಿಲ್ಲ. ಹಣ ಇರಲಿಲ್ಲವೋ, ಮನಸ್ಸು ಬರಲಿಲ್ಲವೋ. ನನ್ನಿಂದ ಏನಾದರೂ ಆಯಿತೇ ಎಂದು ಕೇಳಲು ಯಾರೂ ಇರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಾಸನದ ಕಚೇರಿಯ ಬಾಗಿಲಲ್ಲಿ ಗೌಡರು ನಿಂತಿದ್ದರು. ಒಗೆದ ಪಂಚೆ, ಹೆಗಲ ಮೇಲೆ ಟವಲು. ಜೊತೆಗೆ ಊರಿನ ಇನ್ನಿಬ್ಬರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ಎದ್ದೆ.

“ಸಾ, ನಮ್ಮ ಬಾವಿ ಬತ್ತೋಯ್ತು” ಎಂದರು. ತೋಟದಲ್ಲಿ ಆಳುಗಳನ್ನು ಕೂಗುವ ಅದೇ ಗಂಟಲು. ಸುತ್ತಲಿನ ಮೇಜುಗಳವರೆಲ್ಲ ತಿರುಗಿ ನೋಡಿದರು.

ನನಗೇ ಗೊತ್ತಿಲ್ಲದೆ ನನ್ನ ದನಿ ಇಳಿಯಿತು. “ಮೆಲ್ಲಗೆ ಮಾತಾಡಿ ಗೌಡ್ರೇ.”

“ಯಾಕ್ ಸಾ ಮೆಲ್ಲಗೆ? ಕೇಳುಸ್ಲಿ ಬುಡಿ. ನಿನ್ನೆ ನಾನೇ ಇಳ್ದು ನೋಡ್ದೆ. ಕೆಸ್ರು ಬುಟ್ರೆ ಏನೂ ಇಲ್ಲ. ಕುಡಿಯೋ ಬೋರ್ ಒಂದು ಉಳ್ಕಂಡೈತೆ, ಅದೊಂದೇ. ಅದೂ ಎಲ್ಲಿಗ್ ಬಂದೈತೆ ಅಂತ ನೀವು ಬಂದು ಅಳೀಬೇಕು. ಅದು ಗೊತ್ತಾಗೋಗಂಟ ನಾನು ತ್ವಾಟದ್ ಮೋಟ್ರು ಆಕಾಕಿಲ್ಲ. ಮೊದ್ಲು ಇದನ್ನ ಬರ್ಕೊಳಿ.”

ಆ ಬಾವಿ ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಅಳೆಯುವವನೂ ಆಗ ನಾನಾಗಿರಲಿಲ್ಲ. ಆದರೂ ಒಂದು ಬಿಳಿ ಹಾಳೆ ತೆಗೆದೆ. ಊರಿನ ಹೆಸರು ಬರೆದೆ, ಅವತ್ತಿನ ತಾರೀಖು ಬರೆದೆ, ಮುಂದೆ ‘ನೀರಿಲ್ಲ’ ಎಂದು ಬರೆದೆ. ಗೌಡರು ಮೇಜಿನ ಮೇಲೆ ಬಗ್ಗಿ ನೋಡುತ್ತಿದ್ದರು.

“ಓದಿ ಸಾ” ಎಂದರು.

ಕಚೇರಿಗೆಲ್ಲ ಕೇಳುವ ಹಾಗೆ ಓದಿದೆ.